ಎರಡು ರೊಟ್ಟಿಯ ಹಿಟ್ಟು

ಅಣ್ಣ ನನ್ನ ಹತ್ತಿರ ಎರಡು ರೊಟ್ಟಿ ಕೇಳಿದ್ದ. ಅವನು ಕೇಳಿದಂಥ ಎರಡು ರೊಟ್ಟಿಯನ್ನು ನಾನು ಅವನಿಗೆ ಕೊಡಲಿಲ್ಲ. ಊರಿಗೆಲ್ಲ ಉಣಬಡಿಸಿದ ನನಗೆ ಒಬ್ಬ ಮನುಷ್ಯ ಸಾಕು ಎಂದಾಗ ಕೈ ತಡೆಯಲು ಬರಲಿಲ್ಲ. ಆ ಒಬ್ಬ ನನ್ನ ಒಡಹುಟ್ಟಿದವನೇ ಆಗಿದ್ದ. ಇದನ್ನು ಮೊದಲೇ ಹೇಳಿ ಮುಂದೆ ಬರೆಯುತ್ತೇನೆ. ಕಲಿತದ್ದು ನಾಲ್ಕನೇ ಇಯತ್ತೆ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಕೊರೋನಾ ಮುಗಿದು ಖಾನಾವಳಿಗಳು ಮತ್ತೆ ಬಾಗಿಲು ತೆರೆದ ಮರುವರ್ಷದ ಮಾತು. ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಹದಿನೆಂಟು ವರ್ಷದಿಂದ ರೊಟ್ಟಿ ಖಾನಾವಳಿ ನಡೆಸುತ್ತಿದ್ದೆ. ಕೋರ್ಟಿಗೆ ಬಂದವರು, ಬಸ್ ಚಾಲಕರು, ರೂಮು ಮಾಡಿಕೊಂಡಿದ್ದ ಮಾಸ್ತರರು ನನ್ನ ಗಿರಾಕಿಗಳು. ಖಾನಾವಳಿಯ ಕಸುಬಿನಲ್ಲಿ ತಕ್ಕಡಿ ಇರುವುದಿಲ್ಲ. ಪರಾತದಲ್ಲಿ ನಾದಿದ ಹಿಟ್ಟಿನಿಂದ ಒಂದು ಉಂಡೆ ಹರಿದುಕೊಂಡರೆ ಅದು ಎಷ್ಟು ಅಗಲದ, ಎಷ್ಟು ತೆಳುವಿನ ರೊಟ್ಟಿಯಾಗುತ್ತದೆ ಎಂಬುದು ಅಂಗೈಗೆ ಗೊತ್ತಿರುತ್ತದೆ. ಇನ್ನೊಂದು ಗೊತ್ತಿರುವುದು ಒತ್ತಾಯ. ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೂ ಆ ಕೈಯ ಸಂದಿನಲ್ಲಿ ಪಲ್ಯ ಇಳಿಸುವುದನ್ನೇ ನಾನು ದೊಡ್ಡ ಗುಣ ಎಂದು ತಿಳಿದಿದ್ದೆ.

ಅಣ್ಣ ಸಿದ್ರಾಮ ನಮ್ಮ ಖಾನಾವಳಿಯ ಎದುರಿಗೇ ಟೇಲರ್ ಅಂಗಡಿ ಇಟ್ಟಿದ್ದ. ನಾವು ಇಂಡಿಯಲ್ಲಿ ಹುಟ್ಟಿ ಬೆಳೆದವರು. ಅತ್ತಿಗೆ ತೀರಿಕೊಂಡ ಮೇಲೆ, ಒಬ್ಬಳೇ ಮಗಳು ಸಾವಿತ್ರಿಯನ್ನು ಮುದ್ದೇಬಿಹಾಳಕ್ಕೆ ಕೊಟ್ಟ ಮೇಲೆ, ಅವನು ಅಂಗಡಿಯ ಹಿಂದಿನ ಖೋಲಿಯಲ್ಲೇ ಇರುತ್ತಿದ್ದ. ಎರಡೂ ಹೊತ್ತು ಊಟ ನನ್ನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಮಷಿನ್ ಮುಂದೆ ಕೂತು ಕೂತು ಅವನ ಹೊಟ್ಟೆ ಬೆಳೆದಿತ್ತು. ನಿಂಬೆಹಣ್ಣಿನ ವ್ಯಾಪಾರದ ಮೈಬೂಬ ಕಾಕಾ ದಿನವೂ ಊಟಕ್ಕೆ ಬರುವವರು, ಅವನನ್ನು ಕಾಡದೆ ಬಿಡುತ್ತಿರಲಿಲ್ಲ. “ಟೇಲರ್, ನೀ ಒಳಗ ಬರೂಕಿಂತ ಮೊದಲ ನಿನ್ನ ಹೊಟ್ಟಿ ಬಂದು ಜಾಗಾ ಹಿಡೀತೈತಿ ನೋಡು.”

ಒಂದು ದಿನ ತಲೆ ತಿರುಗಿ ಬಿದ್ದಾಗ ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಬಿಪಿ ಏರಿತ್ತು, ಶುಗರ್ ಗಡಿಯ ಮೇಲೆ ನಿಂತಿತ್ತು. ಬಿಪಿಗೆ ಒಂದು ಗುಳಿಗೆ ಕೊಟ್ಟು, ಉಳಿದದ್ದು ನಿಮ್ಮ ಕೈಯಲ್ಲೇ ಇದೆ ಎಂದರಂತೆ. ಹೊತ್ತಿಗೆ ಎರಡು ತೆಳು ರೊಟ್ಟಿ, ಅದರ ಎರಡರಷ್ಟು ಕಾಯಿಪಲ್ಯ, ಒಂದು ಬಟ್ಟಲು ಕಾಳು, ಹಸಿ ಸೌತೆ, ಮೂಲಂಗಿ, ಮೆಂತ್ಯದ ಸೊಪ್ಪು. ಎಣ್ಣೆ ತುಪ್ಪ ಕಡಿಮೆ, ಚಹಾಕ್ಕೆ ಸಕ್ಕರೆ ಇಲ್ಲ, ಮಜ್ಜಿಗೆ ನೀರಾಗಿರಬೇಕು. ದಿನವೂ ಸ್ವಲ್ಪ ಏದುಸಿರು ಬರುವಷ್ಟು ಜೋರಾಗಿ ನಡೆಯಬೇಕು. ನಡುನಡುವೆ ಮಷಿನ್ ಬಿಟ್ಟು ಏಳಬೇಕು.

ಇದರಲ್ಲಿ ನಮ್ಮಲ್ಲಿ ಸಿಗದ ಪದಾರ್ಥ ಒಂದೂ ಇರಲಿಲ್ಲ. ಅಣ್ಣ ಅದನ್ನೆಲ್ಲ ಹೇಳಿ ನನ್ನ ಕೈ ಹಿಡಿದುಕೊಂಡ.

“ಕಾಶೀ, ನಡಿಯೂದು ನಂದು, ಊಟ ನಿಂದು. ನಾ ಬೇಡಿದ್ರೂ ನೀ ಹೆಚ್ಚಿಗಿ ಹಾಕಬ್ಯಾಡವ್ವಾ.”

“ಹಾಕಂಗಿಲ್ಲ ಯಣ್ಣಾ,” ಎಂದೆ.

ಮೊದಲ ಎರಡು ತಿಂಗಳು ಹಾಗೆಯೇ ನಡೆದುಕೊಂಡೆ. ಅಣ್ಣ ಬೆಳಗಾದರೆ ಮೈಬೂಬ ಕಾಕಾನನ್ನು ಎಬ್ಬಿಸಿಕೊಂಡು ಇಂಡಿ ರಸ್ತೆಗೆ ನಡೆಯಲು ಹೋಗುತ್ತಿದ್ದ. ಟೇಲರ್ ಆದ್ದರಿಂದ ತೂಕದ ಗೊಡವೆ ಅವನಿಗಿರಲಿಲ್ಲ, ಕೊರಳಲ್ಲಿ ಸದಾ ಟೇಪು ಇರುತ್ತಿತ್ತು. ಸೋಮವಾರಕ್ಕೊಮ್ಮೆ ಸೊಂಟಕ್ಕೆ ಸುತ್ತಿ ನೋಡಿಕೊಳ್ಳುತ್ತಿದ್ದ. ಹಳೆಯ ಪ್ಯಾಂಟುಗಳನ್ನು ಒಂದೊಂದಾಗಿ ಬಿಚ್ಚಿ ಸಣ್ಣದು ಮಾಡಿಕೊಂಡ. ಆಮೇಲೆ ಇನ್ನೂ ಸಣ್ಣ ಅಳತೆಯ ಒಂದು ಕಂದು ಪ್ಯಾಂಟು ಹೊಲಿದು ಅಂಗಡಿಯ ಗೂಟಕ್ಕೆ ತೂಗುಹಾಕಿದ.

“ಯಾರದದು?” ಎಂದು ಕೇಳಿದೆ.

“ಒಬ್ಬ ಸಿದ್ರಾಮ ಅಂತ ಅದಾನ. ದೀಪಾವಳಿಗಿ ಬರ್ತಾನ, ನೋಡ್ಯಂತಿ.”

ಆಗ ಅವನ ಮುಖದಲ್ಲಿ ಅತ್ತಿಗೆ ಇದ್ದಾಗಿನ ನಗೆ ಇತ್ತು.

ಅದೇ ಹೊತ್ತಿಗೆ ಬಸವನ ಬಾಗೇವಾಡಿಯಿಂದ ನಮ್ಮ ಸೋದರತ್ತೆ ಬಂದಳು. ಅಣ್ಣನನ್ನು ಕಂಡವಳೇ ಸೆರಗು ಬಾಯಿಗಿಟ್ಟುಕೊಂಡು ಅಳಲು ಶುರು ಮಾಡಿದಳು. ಅವನು ನಕ್ಕು ಅಂಗಡಿಗೆ ಹೋದ ಮೇಲೆ ಗಿರಾಕಿಗಳ ಎದುರಿಗೇ ನನ್ನ ಕಡೆ ತಿರುಗಿದಳು.

“ಏನಬೇ ಕಾಶೀ, ಊರ ಮಂದಿಗೆಲ್ಲ ಹೊಟ್ಟಿ ತುಂಬಾ ನೀಡ್ತಿ, ಹೆಂಡತಿ ಇಲ್ಲದ ಅಣ್ಣಗ ಎರಡು ರೊಟ್ಟಿ ಎಣಿಸಿ ಹಾಕ್ತೀಯಾ? ಗಲ್ಲ ನೋಡು, ಹೆಂಗ ಒಳಗ ಹೋಗ್ಯಾವು.”

“ಡಾಕ್ಟರ್ ಹೇಳ್ಯಾರತ್ತಿ.”

“ಡಾಕ್ಟರ್ ಹೇಳಿದ್ರ ಹೆತ್ತ ತಾಯಿ ಹಾಕದ ಬಿಡ್ತಿದ್ಲೇನು? ಆಕಿ ಇದ್ದಿದ್ರ ಇವ ಹಿಂಗ ಆಗ್ತಿರಲಿಲ್ಲ ತಗೀ.”

ಕೂತಿದ್ದ ಒಬ್ಬಿಬ್ಬರು ನಕ್ಕರು. ನನ್ನ ಕಸುಬಿನ ಜಾಗದಲ್ಲಿ, ನನ್ನ ಒಲೆಯ ಮುಂದೆ, ಸ್ವಂತ ಅಣ್ಣನಿಗೆ ಅನ್ನ ಹಾಕದವಳು ಎನಿಸಿಕೊಂಡೆ. ಅವ್ವ ಸಾಯುವಾಗ ಅವನನ್ನು ನೋಡಿಕೋ ಎಂದು ನನಗೇ ಹೇಳಿದ್ದಳು. ಅವನು ಗಟ್ಟಿಯಾಗುತ್ತಿದ್ದಾನೆ ಎಂದು ಅತ್ತೆಗೆ ತಿರುಗಿ ಹೇಳಬಹುದಿತ್ತು.

ಮರುದಿನದಿಂದ ನನ್ನ ಕೈ ಬದಲಾಯಿತು. ಮೂರು ರೊಟ್ಟಿಯ ಹಿಟ್ಟಿನಲ್ಲಿ ಎರಡು ಉಂಡೆ ಮಾಡಿದೆ. ಅಗಲ ಅಷ್ಟೇ, ದಪ್ಪ ಹೆಚ್ಚು. ಅವನ ಬೇಳೆಯ ಬಟ್ಟಲಿಗೆ ತುಪ್ಪ ಬಿಟ್ಟು, ಮೇಲೆ ತೇಲದಂತೆ ಕಲಸಿದೆ. ಪಲ್ಯಕ್ಕೆ ಶೇಂಗಾಪುಡಿ ಸುರಿದೆ. ನೀರು ಮಜ್ಜಿಗೆಯ ಹೆಸರಿನಲ್ಲಿ ಕೆನೆಮೊಸರು ಕಡೆದು ಕೊಟ್ಟೆ. ಅವನು ಚಪ್ಪರಿಸಿ ಉಂಡ. “ಕಡಿಮಿ ಉಂಡರೂ ಈಗ ಹೊಟ್ಟಿ ಗಟ್ಟ್ಯಾಗಿ ಇರ್ತೈತಬೇ,” ಎಂದ. ನನಗೆ ಸಂತೋಷವಾಯಿತು. ಇದು ನಿಜ, ಮುಚ್ಚಿಡುವುದಿಲ್ಲ.

ಬಟ್ಟೆಯ ದಪ್ಪವನ್ನು ಬೆರಳಲ್ಲಿ ಹಿಡಿದು ಹೇಳುವ ಕಸುಬು ಅವನದು. ಒಮ್ಮೆ ರೊಟ್ಟಿ ಮುರಿದವನು ಚೂರನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದ.

“ರೊಟ್ಟಿ ದಪ್ಪ ಬಂದಂಗೈತಲ್ಲ?”

“ಜ್ವಾಳದಾಗ ಜಿಗಿ ಇಲ್ಲೋ ಯಣ್ಣಾ. ತೆಳ್ಳಗ ತಟ್ಟಿದ್ರ ಹರೀತಾವ.”

ಹಳೆಯ ಜೋಳದ ಹಿಟ್ಟಿಗೆ ಅಂಟು ಇರುವುದಿಲ್ಲ, ರೊಟ್ಟಿ ಹರಿಯುವುದೂ ಹೌದು. ಆದರೆ ಆ ವರ್ಷದ ನನ್ನ ಜೋಳ ಚೆನ್ನಾಗಿತ್ತು. ಹಿಟ್ಟಿನ ವಿಷಯದಲ್ಲಿ ತಂಗಿಯ ಮಾತಿಗೆ ಎದುರು ಮಾತಿಲ್ಲ ಎಂದುಕೊಂಡು ಅವನು ಉಂಡೆದ್ದ.

ಟೇಪಿನ ಅಳತೆ ಇಳಿಯುವುದು ಮೊದಲು ನಿಂತಿತು. ಆಮೇಲೆ ಮತ್ತೆ ಏರತೊಡಗಿತು. ಅಣ್ಣ ತನ್ನನ್ನೇ ಅನುಮಾನಿಸಿದ. ನಡೆಯುವುದನ್ನು ಇನ್ನಷ್ಟು ದೂರ ಮಾಡಿದ, ಸಂಜೆಯೂ ಹೋಗತೊಡಗಿದ. ಮೈಬೂಬ ಕಾಕಾ, “ನಿಮ್ಮ ಅಣ್ಣ ನನ್ನ ಚಪ್ಪಲಿ ಸವಸಾಕತ್ತಾನ, ಹೊಸಾವು ನೀನ ಕೊಡಸು,” ಎಂದು ನನ್ನ ಮುಂದೆ ನಗೆಯಾಡಿದರು. ನಾನೂ ನಕ್ಕೆ. ಬಿಗಿ ಮಾಡಿದ್ದ ಪ್ಯಾಂಟುಗಳನ್ನು ಅಣ್ಣ ಮತ್ತೆ ಬಿಚ್ಚಿ ಹೊಲಿಯುವುದು ನನ್ನ ಒಲೆಯ ಬಳಿ ಕೂತರೆ ಕಾಣುತ್ತಿತ್ತು. ಆಗಲೂ ಬಾಯಿ ಬಿಡಲಿಲ್ಲ. ಮೊದಲು ಅವನ ಗಲ್ಲ ತುಂಬಿದ್ದು ನೋಡಿ ಸಮಾಧಾನ, ಆಮೇಲೆ ಹೇಳಲು ನಾಚಿಕೆ. ಸಮಾಧಾನ ಮುಗಿದು ನಾಚಿಕೆ ಶುರುವಾದದ್ದು ಯಾವಾಗ ಎಂದು ನನಗೇ ತಿಳಿಯದು.

ದೀಪಾವಳಿ ಬಂತು. ಗೂಟ ಖಾಲಿಯಾಗಿತ್ತು.

“ಕಂದು ಪ್ಯಾಂಟ್ ಎಲ್ಲೋ?”

“ಒಬ್ಬ ಗಿರಾಕಿಗಿ ಕೊಟ್ಟೆ. ಅವಗ ಬರೋಬ್ಬರಿ ಕುಂತು.” ಸೂಜಿಗೆ ದಾರ ಪೋಣಿಸುತ್ತ ಹೇಳಿದ, “ಏನ ಮಾಡಿದ್ರೂ ನನ್ನ ಮೈ ನನ್ನ ಮಾತ ಕೇಳೂದಿಲ್ಲ ಕಾಶೀ. ಇದು ಅಂಥಾ ಮೈಯಲ್ಲ.”

ಹೇಳಬೇಕಾದ ಹೊತ್ತು ಅದು. ನಾನು ಏನು ಹೇಳಿದೆ ಗೊತ್ತೇ? “ಬಿಡೋ ಯಣ್ಣಾ, ನಮ್ಮ ಮನಿತನದ ಮೈಯೇ ಹಂಗ. ಅಪ್ಪಗೂ ಹಿಂಗ ಇತ್ತಲ್ಲ.”

ಆ ಮಾತಿನೊಂದಿಗೆ ಅವನು ಎಲ್ಲ ಬಿಟ್ಟ. ನಡೆಯುವುದು ನಿಂತಿತು. ಸಂಜೆ ಮಿರ್ಚಿಭಜಿ, ಸಕ್ಕರೆ ಚಹಾ ಶುರುವಾಯಿತು. ಬಿಪಿ ಗುಳಿಗೆ ತೀರಿದ ಮೇಲೆ ಮತ್ತೆ ತರಲಿಲ್ಲ, ಇದು ನನಗೆ ಗೊತ್ತಾದದ್ದು ಆಮೇಲೆ. ಮರುವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಎದುರಿನಿಂದ ಮಷಿನ್ನಿನ ಸದ್ದು ಬರುತ್ತಿದ್ದುದು ನಿಂತಿತು. ನಿಂತದ್ದು ಮತ್ತೆ ಶುರುವಾಗಲಿಲ್ಲ. ಹೋಗಿ ನೋಡಿದರೆ ಅಣ್ಣ ಅರ್ಧ ಹೊಲಿದ ಅಂಗಿಯ ಮೇಲೆ ಒರಗಿದ್ದ. ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಜೋತು ಬಿದ್ದಿತ್ತು. ಲಕ್ವಾ.

ವಿಜಯಪುರದ ದವಾಖಾನೆಯಲ್ಲಿ ಜೀವ ಉಳಿಯಿತು. ಮಾತು ತೊದಲಿದರೂ ತಿಳಿಯುತ್ತಿತ್ತು. ಬಲಗಾಲಿನಲ್ಲಿ ಸ್ವಲ್ಪ ಕಸುವು ಉಳಿದಿತ್ತು. ವ್ಯಾಯಾಮ ಮಾಡಿಸುವ ಡಾಕ್ಟರು ಮೊದಲ ಕೆಲವು ತಿಂಗಳೇ ಮುಖ್ಯ, ಈಗ ದಿನವೂ ನಿಲ್ಲಿಸಿ ಹೆಜ್ಜೆ ಹಾಕಿಸಿದರೆ ಕಾಲು ಬಹಳ ಮಟ್ಟಿಗೆ ಬರಬಹುದು, ಬಿಟ್ಟರೆ ಹಾಸಿಗೆಯೇ ಗತಿ ಎಂದು ಹೇಳಿ ಕಳಿಸಿದರು. ಅವನನ್ನು ಖಾನಾವಳಿಯ ಹಿಂದಿನ ನನ್ನ ಮನೆಗೇ ತಂದೆವು. ಸಾವಿತ್ರಿ ಮುದ್ದೇಬಿಹಾಳದಿಂದ ಬಂದು ಉಳಿದಳು.

ಅಣ್ಣ ಏಳಲಿಲ್ಲ. ಮಗಳು ಬೇಡಿಕೊಂಡಳು, ಅತ್ತಳು, ಬೈದಳು. ಮೈಬೂಬ ಕಾಕಾ ಬಂದು, “ಏಳೋ ಟೇಲರ್, ನಾ ಒಬ್ಬನ ನಡ್ಯಾಕ ಹೋದ್ರ ನಾಯಿ ಬೆನ್ನ ಹತ್ತತಾವು,” ಎಂದು ತೋಳು ಕೊಟ್ಟರು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

“ಅಪ್ಪಾ, ಯಾಕ ಒಲ್ಲಿ?” ಎಂದು ಸಾವಿತ್ರಿ ಕೇಳಿದಾಗ, ಒಂದೊಂದೇ ಮಾತನ್ನು ಎಳೆದು ಹೇಳಿದ.

“ಕೈಕಾಲು ಗಟ್ಟಿ ಇದ್ದಾಗ... ಅಷ್ಟು ಮಾಡಿದೆ. ಆಗ ಕೇಳದ ಮೈ... ಈಗ ಕೇಳತೈತೇನು?”

ನಾನು ಬಾಗಿಲಲ್ಲಿ ಗಂಜಿ ಹಿಡಿದು ನಿಂತಿದ್ದೆ. ಬಟ್ಟಲು ಅಲ್ಲೇ ಇಟ್ಟು ಖಾನಾವಳಿಗೆ ಹೋದೆ. ಲಕ್ವಾಕ್ಕೆ ನನ್ನ ತುಪ್ಪವೊಂದೇ ಕಾರಣ ಎಂದು ಯಾವ ಡಾಕ್ಟರೂ ಹೇಳಲಾರರು. ಗುಳಿಗೆ ಬಿಟ್ಟದ್ದಿತ್ತು, ಅಪ್ಪನಿಗೂ ಬಿಪಿ ಇತ್ತು. ಆದರೆ ಮೈ ಕೇಳುವುದಿಲ್ಲ ಎಂಬ ಈ ಮಾತು ನಾನೇ ಅವನ ಬಾಯಿಗೆ ಇಟ್ಟದ್ದು. ಅವನ ಮೈ ಅವನ ಮಾತು ಕೇಳಿತ್ತು, ಎರಡು ತಿಂಗಳು ಟೇಪು ಅದನ್ನೇ ಹೇಳಿತ್ತು. ಆ ಸಾಕ್ಷಿಯನ್ನು ಅಳಿಸಿದವಳು ನಾನು. ಇನ್ನು ಅವನ ಕಾಲು ಹೋದರೆ ಅದನ್ನು ಅಪ್ಪನ ಮೇಲೆ ಹಾಕಲು ಬರುವುದಿಲ್ಲ.

ಆದರೂ ಒಂದು ವಾರ ಸುಮ್ಮನಿದ್ದೆ. ತಿಳಿದರೆ ಅವನು ನನ್ನ ಕೈಯ ನೀರನ್ನೂ ಕುಡಿಯಲಿಕ್ಕಿಲ್ಲ ಎಂಬ ಅಂಜಿಕೆ.

ನನ್ನ ಕಸುಬು ನನಗೆ ಕಲಿಸಿದ್ದು ಇಷ್ಟೇ, ಅದೂ ಬಹಳ ತಡವಾಗಿ. ಉಣ್ಣುವವನ ಹೊಟ್ಟೆ ಬಡಿಸುವವಳದಲ್ಲ. ಒಬ್ಬ ಮನುಷ್ಯ ಸಾಕು ಎಂದರೆ ಅದು ಸಂಕೋಚವಾಗಿರಬಹುದು, ಜೀವ ಉಳಿಸಿಕೊಳ್ಳುವ ಪ್ರಯತ್ನವೂ ಆಗಿರಬಹುದು. ಈಗ ನನ್ನ ಖಾನಾವಳಿಯಲ್ಲಿ ಕೈ ಅಡ್ಡ ಬಂದರೆ ಸೌಟು ಹಿಂದಕ್ಕೆ ಹೋಗುತ್ತದೆ. ರೊಟ್ಟಿ ತೆಳುವಾಗಿಯೇ ಬೀಳುತ್ತದೆ. ಮನೆಯಲ್ಲಿ ಯಾರಾದರೂ ನಡೆದು, ಊಟ ತಿದ್ದಿಕೊಂಡು ಸುಧಾರಿಸಲು ಹೊರಟಿದ್ದರೆ, ಅವರ ತಟ್ಟೆಗೆ ನಿಮ್ಮ ಪ್ರೀತಿಯನ್ನು ಕದ್ದು ಹಾಕಬೇಡಿ ಎಂದು ಕೈ ಮುಗಿದು ಕೇಳುತ್ತೇನೆ.

ಎಂಟನೆಯ ದಿನ ಬೆಳಿಗ್ಗೆ ಹಿಟ್ಟು ನಾದಿದ ಪರಾತವನ್ನೇ ಅವನ ಹಾಸಿಗೆಯ ಹತ್ತಿರ ತಂದಿಟ್ಟೆ. ಸಾವಿತ್ರಿ ಅವನನ್ನು ದಿಂಬಿಗೆ ಒರಗಿಸಿ ಕೂಡಿಸಿದಳು. ಎರಡು ಉಂಡೆ ಮಾಡಿದೆ, ಡಾಕ್ಟರಮ್ಮ ಹೇಳಿದ ಅಳತೆಯದೊಂದು, ಅತ್ತೆ ಬಂದುಹೋದ ಮೇಲೆ ಮಾಡುತ್ತಿದ್ದುದೊಂದು. ಒಂದನ್ನು ಅವನ ಎಡಗೈಯಲ್ಲಿಟ್ಟೆ. ಅದನ್ನು ತೆಗೆದು ಇನ್ನೊಂದನ್ನು ಇಟ್ಟೆ. ಬೆರಳು ಒತ್ತಿ ನೋಡಿದ. ಹುಬ್ಬು ಗಂಟಾಯಿತು. ಮತ್ತೆ ಮೊದಲನೆಯದಕ್ಕೆ ಕೈ ಚಾಚಿದ, ತೂಗಿದ. ಆಮೇಲೆ ನನ್ನ ಮುಖ ನೋಡಿದ. ಟೇಲರ್‌ನ ಕೈಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಆದರೂ ನನ್ನ ಬಾಯಿಂದಲೇ ಬರಬೇಕಿತ್ತು. ಹಿಟ್ಟಿನ ಕೈಯಲ್ಲೇ ಅವನ ಸೋತ ಕಾಲು ಹಿಡಿದೆ.

“ಯಣ್ಣಾ, ಜ್ವಾಳದಾಗ ಜಿಗಿ ಇತ್ತು. ನಾನ ದಪ್ಪ ತಟ್ಟತಿದ್ದೆ. ಬ್ಯಾಳ್ಯಾಗ ತುಪ್ಪ ಕಲಸತಿದ್ದೆ, ಮಜ್ಜಿಗಿ ಅಂತ ಮೊಸರ ಕೊಟ್ಟೆ. ಮಂದಿ ಮಾತಿಗಿ ಅಂಜಿ ಮಾಡಿದೆ, ಆಮ್ಯಾಲ ನಿನಗ ಅಂಜಿ ಮುಚ್ಚಿಟ್ಟೆ. ನಿನ್ನ ಮೈಯಾಗ ಏನೂ ತಪ್ಪಿರಲಿಲ್ಲೋ. ಅದು ನಿನ್ನ ಮಾತ ಕೇಳತಿತ್ತು, ಈಗೂ ಕೇಳತೈತಿ. ಕೇಳದಾಕಿ ನಾನು. ತಪ್ಪಾತೋ ಯಣ್ಣಾ, ನಂದು ತಪ್ಪಾತು.”