ಹೆಣದ ಪಾತ್ರಕ್ಕೆ ಕಟ್ಟಿದ ಮೈಕ್

ಸಿನಿಮಾದವನು ಹೇಳಿದರೆ ಕಟ್ಟುಕತೆಯೇ ಇರಬೇಕು ಎಂದು ಜನ ತಿಳಿಯುತ್ತಾರೆ. ತಿಳಿದುಕೊಳ್ಳಲಿ ಬಿಡಿ. ಹೆತ್ತ ಅಪ್ಪನ ವಿಷಯದಲ್ಲಿ ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ನನ್ನ ಎರಡು ಕಿವಿಯಿಂದ ಕೇಳಿದ್ದನ್ನಷ್ಟೇ ಹೇಳುತ್ತೇನೆ.

ನಾನು ಸಣ್ಣ ಬಜೆಟ್ಟಿನ ಸಿನಿಮಾಗಳಿಗೆ ಸೌಂಡ್ ರೆಕಾರ್ಡ್ ಮಾಡುವವನು. ಮನೆ ಬೆಟಗೇರಿ. ಆ ಸಲ ಲಕ್ಷ್ಮೇಶ್ವರದಾಚೆಯ ಒಂದು ಹಳೇ ವಾಡೆಯಲ್ಲಿ ಶೂಟಿಂಗ್ ಇತ್ತು. ವೀರಣ್ಣನವರೇ ನಿರ್ಮಾಪಕರು, ನಿರ್ದೇಶಕರೂ ಅವರೇ. ಊರ ಗೌಡ ಸತ್ತ ರಾತ್ರಿಯ ದೃಶ್ಯ. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದು, ಮುಂದೆ ರಾತ್ರಿಯಿಡೀ ಭಜನೆ ಮಾಡುತ್ತಾರೆ. ಅದನ್ನು ಕಟ್ ಇಲ್ಲದೆ ಒಂದೇ ಶಾಟಿನಲ್ಲಿ ತೆಗೆಯಬೇಕೆಂದು ವೀರಣ್ಣನವರ ಹಟ.

ಹೆಣವಾಗಬೇಕಿದ್ದ ನಟ ಸಂಜೆಯಾದರೂ ಬರಲಿಲ್ಲ, ಫೋನೂ ಎತ್ತಲಿಲ್ಲ.

"ನಿಮ್ಮಪ್ಪಾರು ನಾಟಕದಾಗ ಪಾರ್ಟ್ ಮಾಡ್ತಿದ್ರಲ್ಲೋ? ಜಲ್ದಿ ಕರಸು. ಮುಂದಿನ ಪಿಚ್ಚರಿಗೂ ಸೌಂಡ್ ಕೆಲಸ ನಿಂದೇ," ಎಂದರು ವೀರಣ್ಣ.

ಅಪ್ಪನಿಗೆ ವಯಸ್ಸು ಅರವತ್ತೆಂಟು. ಮಗ್ಗದ ಮುಂದೆ ಹತ್ತಿಯ ಧೂಳು ಕುಡಿದು ಕುಡಿದು ಎದೆ ಹಾಳಾಗಿತ್ತು. ಉಸಿರು ಬಿಗಿಹಿಡಿಯುವ ಕೆಲಸ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಫೋನ್ ಮಾಡಿದೆ, ನನ್ನ ಬಾಯಿಗೆ ಮಣ್ಣು ಬೀಳಲಿ.

ಅಪ್ಪ ಖುಷಿಯಿಂದಲೇ ಬಂದ. "ಮಾತು ಬಾಯಿಪಾಠ ಮಾಡೋ ತ್ರಾಸಿಲ್ಲ ಬಿಡಪಾ," ಎಂದು ನಕ್ಕ.

ಹೆಣದ ಪಾತ್ರಕ್ಕೆ ಯಾರೂ ಮೈಕ್ ಕಟ್ಟುವುದಿಲ್ಲ. ನಾನು ಕಟ್ಟಿದೆ, ಅಂಗಿಯೊಳಗೆ, ಎದೆಯ ಮೇಲೆ. ಅವನ ಉಸಿರು ನನ್ನ ಹೆಡ್‌ಫೋನಿನಲ್ಲಿ ಕೇಳುತ್ತಿರಲಿ, ಏರುಪೇರಾದರೆ ಕೈ ಎತ್ತಿ ಶಾಟ್ ನಿಲ್ಲಿಸಿದರಾಯಿತು ಎಂದುಕೊಂಡೆ.

"ತ್ರಾಸಾದ್ರ ಸೊಲ್ಪ ಕೈ ಅಲ್ಲಾಡಸು, ಯಪ್ಪಾ."

"ಹೆಣ ಎಲ್ಲರೆ ಕೈ ಅಲ್ಲಾಡಸತೈತೇನಲೇ, ಹುಚ್ಚಾ?"

ನಡುರಾತ್ರಿ ಶಾಟ್ ಶುರುವಾಯಿತು. ಭಜನೆಯವರು ಎಂಟು ಹತ್ತು ಅಡಿ ದೂರದಲ್ಲಿದ್ದರು. ಅಪ್ಪನ ಅಕ್ಕಪಕ್ಕ ಯಾರೂ ಇರಲಿಲ್ಲ. ಭಜನೆಯ ಸದ್ದು ಇಳಿಸಿ ಅಪ್ಪನ ಮೈಕನ್ನಷ್ಟೇ ಕೇಳುತ್ತಿದ್ದೆ. ಸುಂಯ್... ಸುಂಯ್... ಅದೇ ಹಳೆಯ ಗೂರಲು.

ಕ್ಯಾಮೆರಾ ಮುಖದ ಹತ್ತಿರ ಬಂತು. ಅಪ್ಪ ಉಸಿರು ಹಿಡಿದ. ನಾನು ಎಣಿಸತೊಡಗಿದೆ. ಹತ್ತು... ಹದಿನೈದು... ಇಪ್ಪತ್ತು...

ಆಗ ಅದೇ ಮೈಕಿನಲ್ಲಿ ಇನ್ನೊಂದು ಉಸಿರು ಕೇಳಿತು.

ನಿಧಾನದ, ಆಳವಾದ ಉಸಿರು. ಅದರಲ್ಲಿ ಗೂರಲಿರಲಿಲ್ಲ. ಯಾರೋ ಅಪ್ಪನ ಭುಜಕ್ಕೆ ಭುಜ ತಾಗಿಸಿ ಕೂತಂತೆ ಅಷ್ಟು ಹತ್ತಿರ. ತಲೆ ಎತ್ತಿ ನೋಡಿದೆ. ಅಪ್ಪನ ಬಲಕ್ಕೆ ಬರೀ ಗೋಡೆ. ಊದಿನಕಡ್ಡಿಯ ವಾಸನೆ ಯಾವಾಗಲೋ ಹೋಗಿ, ಆಗಷ್ಟೇ ಅಗೆದ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತಿತ್ತು...

ಕ್ಯಾಮೆರಾ ಹಿಂದೆ ಸರಿಯಿತು. ಇನ್ನು ಅಪ್ಪ ಉಸಿರು ಬಿಡಬಹುದಿತ್ತು. ಬಿಡಲಿಲ್ಲ. ಕೇಳುತ್ತಿದ್ದದ್ದು ಆ ಇನ್ನೊಂದೇ.

ನಾನು ಕೈ ಎತ್ತಬೇಕಿತ್ತು. ಎತ್ತಲಿಲ್ಲ. ಶಾಟ್ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು, ವೀರಣ್ಣನವರ ಕಣ್ಣಲ್ಲಿ ನೀರಾಡುತ್ತಿತ್ತು, ಅಷ್ಟು ಚೆನ್ನಾಗಿ ಬರುತ್ತಿತ್ತು. ಸುಮ್ಮನೆ ಕೂತೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

"ಕಟ್!"

ಓಡಿಹೋಗಿ ಅಪ್ಪನ ಕೈ ಹಿಡಿದೆ. ತಣ್ಣಗಿತ್ತು. "ಯಪ್ಪಾ! ಏಳ ಯಪ್ಪಾ!"

ಹೆಣದ ಪಾರ್ಟ್ ಮಾಡಿದವರು ಏಳುವ ಮೊದಲು ಕ್ಯಾಮೆರಾ ನೋಡಿ ಒಮ್ಮೆ ನಗಬೇಕು, ಅಪಶಕುನ ಹೋಗಲೆಂದು ಸಿನಿಮಾದವರು ಪಾಲಿಸುವ ಪದ್ಧತಿ ಅದು. ಏನೂ ತಿಳಿಯದ ಯೂನಿಟ್ಟಿನವರು ಚಪ್ಪಾಳೆ ತಟ್ಟುತ್ತಿದ್ದರು. "ನಗ್ರಿ ಅಜ್ಜಾರ, ಒಮ್ಮೆ ನಕ್ಕಬಿಡ್ರಿ!"

ಅಪ್ಪ ಕಣ್ಣು ಬಿಟ್ಟ. ನಗಲಿಲ್ಲ. ಬಲಕ್ಕೆ ತಿರುಗಿ ಆ ಖಾಲಿ ಗೋಡೆಯ ಕಡೆಗೆ ಎರಡೂ ಕೈ ಜೋಡಿಸಿದ.

ವಾಪಸ್ ಬರುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದೆ, ಏನಾಗಿತ್ತು ಎಂದು.

"ಉಸಿರು ಸಿಗಲಿಲ್ಲೋ. ಕೈ ಅಲ್ಲಾಡಸಾಕೂ ಆಗಲಿಲ್ಲ. ಬಾಜೂದಾಂವ ತನ್ನದು ಕೊಟ್ಟ."

"ಯಾಂವ ಯಪ್ಪಾ? ಅಲ್ಲಿ ಯಾರೂ ಇರಲಿಲ್ಲ."

"ಮೊದಲಿಂದ ಅಲ್ಲೇ ಕುಂತಿದ್ನಲ್ಲ. ನೀವ ಯಾರೂ ಅವನ್ನ ಮಾತಾಡಸಲಿಲ್ಲ."

ಅಪ್ಪನ ಗೂರಲು ಆ ರಾತ್ರಿಗೇ ನಿಂತುಹೋಯಿತು. ಡಾಕ್ಟರು ಎರಡೆರಡು ಸಲ ಎದೆ ಪರೀಕ್ಷಿಸಿ, ಯಾವ ಔಷಧ ತಗೊಂಡ್ರಿ ಎಂದು ಕೇಳಿದರು. ಮನೆಯವರಿಗೆ ಸಂತೋಷವೋ ಸಂತೋಷ. ನನಗೆ ಮಾತ್ರ ಈಗ ಅಪ್ಪನ ಎದೆಯಿಂದ ಬರುವ ಆ ನಿಧಾನದ, ಆಳವಾದ ಉಸಿರಿನ ಗುರುತು ಸಿಕ್ಕಿದೆ. ಹೆದರಿಕೆಯಾಗುತ್ತದೆ. ಆದರೂ ಅಪ್ಪನನ್ನು ಒಂಟಿ ಬಿಡಲು ಮನಸ್ಸು ಬಾರದೆ ದಿನಾ ಅವನ ಪಕ್ಕದಲ್ಲೇ ಹಾಸಿಕೊಳ್ಳುತ್ತೇನೆ.

ಮೊನ್ನೆ ನಡುರಾತ್ರಿ ಎಚ್ಚರವಾಯಿತು. ಅಪ್ಪ ಗೋಡೆಗೆ ಬೆನ್ನು ಆನಿಸಿ ಕೂತಿದ್ದ, ಕಣ್ಣು ತೆರೆದೇ ಇತ್ತು.

"ಯಾಕ ಯಪ್ಪಾ, ನಿದ್ದಿ ಬರವಲ್ದೇನು?"

"ನಾಳಿಂದ ನೀ ಬ್ಯಾರೆ ಖೋಲ್ಯಾಗ ಮಕ್ಕೋ."

"ಯಾಕ?"

ಅಪ್ಪ ಪಿಸುಗುಟ್ಟಿದ. "ಅಂವ ತನ್ನದು ವಾಪಸ್ ಒಯ್ಯಾಕ ಬರ್ತಾನ. ಆವಾಗ ಉಸಿರಿಗೆ ನಾನೂ ಬಾಜೂದವರ ಕಡೆನ ತಿರುಗಬೇಕಾಕ್ಕೈತಿ."

ನಾನಿನ್ನೂ ಕೋಣೆ ಬದಲಿಸಿಲ್ಲ. ಇವತ್ತು ರಾತ್ರಿಯೂ ಅಲ್ಲೇ ಮಲಗುತ್ತೇನೆ.