ಪೆಟ್ಟಿಗೆಯೊಳಗೆ ಅಂಟಿಸಿದ ಬನಾತು

ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಹಾರ್ಮೋನಿಯಂ ರಿಪೇರಿ ಅಂಗಡಿ. ಬಿಳಿಚೋಡಿನ ಕಡೆಯ ಒಬ್ಬ ಭಜನೆ ಹಾಡುಗಾರ ವರ್ಷಕ್ಕೆರಡು ಸಲ ತನ್ನ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಅಲ್ಲಿಗೆ ಬರುತ್ತಿದ್ದ. ಅವನ ದನಿಗೆ ನಾನು ಎಷ್ಟು ಸೋತಿದ್ದೆನೆಂದರೆ, ಅಂಗಡಿಗೆ ಬಾಗಿಲು ಹಾಕಿ ಜಗಳೂರು, ನ್ಯಾಮತಿ ಅಂತ ಅವನ ಹಿಂದೆ ಅಲೆದಿದ್ದೇನೆ. ಯಾರೋ ಮೊಬೈಲಿನಲ್ಲಿ ಹಿಡಿದ ಅವನ ಒಂದು ಹಾಡು ಊರೂರು ಸುತ್ತಿದ ಮೇಲೆ ಅವನಿಗೆ ಬಿಡುವೇ ಇಲ್ಲದಾಯಿತು. ಹಾಡು ಮುಗಿದರೆ ಸಾಕು, ಅಭಿಮಾನಿಗಳು ಪಕ್ಕಕ್ಕೆ ಕರೆದು ಕುಡಿಸುತ್ತಿದ್ದರು. ಬೇಡವೆಂದರೆ, “ದೊಡ್ಡ ಮನುಷ್ಯ ಆಗ್ಬಿಟ್ಟ ಕಣ್ರೀ” ಎಂದು ಆಡಿಕೊಳ್ಳುತ್ತಿದ್ದರು.

ಒಂದು ದಿನ ಬಂದವನೇ ಪೆಟ್ಟಿಗೆಯ ಹಲಗೆ ತಾನೇ ಬಿಚ್ಚಿ ತೋರಿಸಿದ. ಮೂಲೆಯಲ್ಲಿ ಮೂರು ವಿಸ್ಕಿ ಪಾಕೀಟು.

“ಮನ್ಯಾಗೆ ಹೆಂಡ್ತಿ ಎಲ್ಲಾ ಕಡೆ ಹುಡುಕ್ತಾಳಣ್ಣ. ಇದನ್ನ ಮಾತ್ರ ಬಿಚ್ಚಿ ನೋಡಲ್ಲ. ಆದ್ರೆ ಹೊತ್ಕೊಂಡು ಹೋಗುವಾಗ ಗಡಗಡ ಅಂತೈತೆ. ಏನಾದ್ರೂ ಮಾಡು.”

ಬೈಯಬೇಕಿತ್ತು. ನನ್ನ ಬಾಯಿ ಎಂಥದ್ದೆಂದು ಗಿರಾಕಿಗಳಿಗೆಲ್ಲ ಗೊತ್ತು. ಆದರೆ ಮುನಿಸಿಕೊಂಡು ಬೇರೆ ಅಂಗಡಿಗೆ ಹೋಗಿಬಿಟ್ಟರೆ? ಅಂಥ ಹಾಡುಗಾರ ನನ್ನ ಕಟ್ಟೆಯ ಮೇಲೆ ಕೂರುತ್ತಾನೆ ಅನ್ನುವ ಜಂಬ ನನಗಿತ್ತು. ಹಸಿರು ಬನಾತು ಬಟ್ಟೆ ಕತ್ತರಿಸಿ, ಗಟ್ಟಿ ಅಂಟು ಹಾಕಿ, ಆ ಮೂಲೆಯಲ್ಲೊಂದು ಪುಟ್ಟ ಗೂಡು ಮಾಡಿಕೊಟ್ಟೆ. ಸದ್ದು ನಿಂತಿತು. ಖುಷಿಗೆ ಅಲ್ಲೇ ಒಂದು ಪದ ಹಾಡಿದ, ನಾನು ಕಣ್ಣು ಮುಚ್ಚಿ ಕೇಳಿದೆ.

ಹೋದ ವರ್ಷ ಲಿವರ್ ಕೆಟ್ಟು ತೀರಿಕೊಂಡ. ನಲವತ್ತೂ ತುಂಬಿರಲಿಲ್ಲ. ಅವನ ಹಾಡು ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ಈಗಲೂ ಕೇಳಿಸುತ್ತದೆ. ನಾನು ಎದ್ದು ಹಿಂದಿನ ಸೀಟಿಗೆ ಹೋಗುತ್ತೇನೆ.

ಮೊನ್ನೆ ಅವನ ಹೆಂಡತಿ ಅದೇ ಪೆಟ್ಟಿಗೆ ತಂದಳು. ಮಗಳು ಕಲಿಯುತ್ತಾಳಂತೆ, ಸರಿಮಾಡಿ ಕೊಡಬೇಕಂತೆ. ಹಲಗೆ ಬಿಚ್ಚಲು ಕೈ ಬರಲಿಲ್ಲ. ಆದರೂ ಬಿಚ್ಚಿದೆ. ಗೂಡಿನಲ್ಲಿ ಒಂದು ಪಾಕೀಟು ಒಡೆಯದೆ ಹಾಗೇ ಉಳಿದಿತ್ತು. ಆಕೆ ಅದನ್ನು ಹೊರತೆಗೆದು, ಗೂಡಿನ ಬಟ್ಟೆಯ ಅಂಚು ಸವರಿ ನೋಡಿದಳು.

“ಅಕ್ಕಿ ಡಬ್ಬಿ, ಬಣವೆ, ಬೈಕಿನ ಸೀಟು, ಎಲ್ಲಾ ಹುಡುಕ್ದೆ. ಸಿಕ್ಕಿದ್ದೆಲ್ಲಾ ಚೆಲ್ಲಿದೆ. ಇದು ದೇವ್ರು ಅಂತ ದಿನಾ ಕುಂಕುಮ ಹಚ್ಚಿ ಕೈ ಮುಗೀತಿದ್ದೆ. ಹಿಂಗೆ ಬಟ್ಟೆ ಅಂಟ್ಸಾಕೆ ಅವ್ರಿಗೆ ಬರ್ತಿರ್ಲಿಲ್ಲ. ಯಾರು ಮಾಡಿಕೊಟ್ರು ಅಣ್ಣಾ?”

“ನಾನೇ ತಾಯಿ.”

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಕಿತ್ತಾಕಿ ಕೊಡ್ರಿ. ಮಗಳಿಗೆ ಗೊತ್ತಾಗ್ಬಾರ್ದು” ಎಂದು ಬೆನ್ನು ತಿರುಗಿಸಿ ಕೂತಳು.

ಉಳಿ ಹಾಕಿ ಮೀಟಿದೆ. ಬಟ್ಟೆ ಅಲುಗಲಿಲ್ಲ. ನನ್ನ ಜನ್ಮದಲ್ಲಿ ಯಾವ ಕೆಲಸವನ್ನೂ ನಾನು ಅಷ್ಟು ಅಚ್ಚುಕಟ್ಟಾಗಿ ಮಾಡಿರಲಿಲ್ಲ.