ನೀಲಿ ಗೇಟಿನ ಪುಸ್ತಕದ ಕಡೆಯ ಪುಟ

ಕೈಗೆ ಬಂದ ಕಾಗದವನ್ನು ಎರಡು ಬಾರಿ ಓದದೆ ಒಂದಕ್ಷರವನ್ನೂ ಒತ್ತದವರು. ಓದುಬರಹವಿಲ್ಲದ ಕೂಲಿಯವನ ಹೆಸರನ್ನೂ ಕಂಪೆನಿಯ ಯಜಮಾನನ ಹೆಸರನ್ನೂ ಒಂದೇ ಆದರದಿಂದ ಕೇಳಿ ಬರೆದುಕೊಳ್ಳುವವರು. ದಿನಕ್ಕೆ ನೂರು ಮನೆಗಳ ಗುಟ್ಟು ಕಣ್ಣಮುಂದೆ ಹಾದುಹೋದರೂ ಒಂದನ್ನಾದರೂ ನಾಲಗೆಗೆ ಇಳಿಸದವರು. ದೇವರ ಮುಂದೆ ದೀಪ ಹಚ್ಚದೆ ಹೊಸಿಲು ದಾಟದವರು. ಎದುರಿಗೆ ಹಸಿದವನಿದ್ದರೆ ಬುತ್ತಿಯಲ್ಲಿ ಅರ್ಧ ಕೊಡದೆ ಉಣ್ಣದವರು. ಬಿರುನುಡಿಗೆ ಬಿರುನುಡಿಯನ್ನು ಹಿಂದಿರುಗಿಸಿದ್ದನ್ನು ಯಾರೂ ಕಾಣದವರು. ಇಷ್ಟೆಲ್ಲ ಸದ್ಗುಣಗಳ ನಡುವೆ ಒಂದೇ ಒಂದು ತಪ್ಪನ್ನು, ಅದನ್ನೂ ವಾತ್ಸಲ್ಯದ ಭರದಲ್ಲಿ, ಮಾಡಿದವರು.

ಅವರ ಹೆಸರು ಗುಣಪಾಲ. ಹುಟ್ಟಿದ್ದು ಕಾರ್ಕಳದ ಕಡೆ. ಬರ್ ದುಬೈಯಲ್ಲಿ, ಬಟ್ಟೆ ಅಂಗಡಿಗಳ ಸಾಲಿನ ಹಿಂಬದಿಗೆ ಒಂದು ಟೈಪಿಂಗ್ ಸೆಂಟರ್ ಇದೆ. ವೀಸಾ, ಗುರುತಿನ ಚೀಟಿ, ಬಾಡಿಗೆ ಕರಾರು ಮುಂತಾದ ಅರ್ಜಿಗಳನ್ನು ಜನರಿಗೆ ತುಂಬಿಕೊಡುವ ಅಂಗಡಿ ಅದು. ಅಲ್ಲಿನ ಮೂರನೆಯ ಕೌಂಟರಿನ ಹಿಂದೆ ಗುಣಪಾಲರು ಇಪ್ಪತ್ತೆರಡು ವರ್ಷಗಳಿಂದ ಕೂತಿದ್ದಾರೆ. ಎಷ್ಟೋ ಸಂಸಾರಗಳು ಈ ಮರಳುನಾಡಿಗೆ ಕಾಲಿಟ್ಟದ್ದೂ ಇಲ್ಲಿಂದ ಕಾಲ್ತೆಗೆದದ್ದೂ ಅವರ ಬೆರಳ ತುದಿಯಿಂದಲೇ.

ಅವರಿಗೂ ಮಡದಿ ಚಂದ್ರಮತಿಗೂ ಬಹುಕಾಲ ಮಕ್ಕಳಾಗಲಿಲ್ಲ. ನಾಲ್ಕು ವರ್ಷಗಳ ಹಿಂದೆ ಮಂಗಳೂರಿನ ಬಳಿಯ ಒಂದು ಶಿಶುಮಂದಿರದಿಂದ ಮೂರು ವರ್ಷದ ಹೆಣ್ಣುಮಗುವನ್ನು ದತ್ತು ಪಡೆದು ತಂದರು. ಅವಳೇ ಯಶ್ಮಿತಾ. ಮಗುವನ್ನು ಮಡಿಲಿಗೆ ಹಾಕುವಾಗ ಮಂದಿರದ ಹಿರಿಯ ಹೆಂಗಸೊಬ್ಬರು ಒಂದು ಮಾತು ಹೇಳಿದ್ದರು: "ಇವಳಿಗೆ ನೀವೇ ಹೇಳಿ. ಬೇರೆಯವರ ಬಾಯಿಂದ ಕೇಳುವ ಹಾಗೆ ಆಗಬಾರದು. ಒಂದು ಪುಸ್ತಕ ಇಟ್ಟುಕೊಂಡು ಹೇಳಿದರೆ ನಿಮಗೂ ಮಾತು ಬರ್ತದೆ, ಅವಳಿಗೂ ಕೇಳುವ ಧೈರ್ಯ ಬರ್ತದೆ."

ಮಗುವಿಗೆ ಆರು ತುಂಬಿದ ಮೇಲೆ ಚಂದ್ರಮತಿ ಪುಸ್ತಕದಂಗಡಿಗಳಿಗೆ ಹೋಗಿ ಹುಡುಕಿದರು. ದತ್ತುಮಕ್ಕಳ ಕಥೆಗಳು ಇದ್ದವು. ಆದರೆ ಒಂದರಲ್ಲಿ ಕರಡಿ ಸಾಕಿದ ಮೊಲ, ಇನ್ನೊಂದರಲ್ಲಿ ಹಂಸ ಸಾಕಿದ ಕೋಳಿಮರಿ.

"ನಮ್ಮ ಹುಡುಗಿ ಮೊಲವಾ? ಕೋಳಿಯಾ? ನಾನೇ ಬರೀತೇನೆ," ಎಂದರು.

ಹಾಗೆ ಹನ್ನೊಂದು ಪುಟಗಳ ಪುಸ್ತಕವೊಂದು ಹುಟ್ಟಿತು. ಮೊದಲ ಪುಟದಲ್ಲಿ ಶಿಶುಮಂದಿರದ ನೀಲಿ ಗೇಟು. ಆಮೇಲೆ ತಲೆ ಬಾಚುತ್ತಿದ್ದ ಆಯಾ, ಸಾಲಾಗಿ ಒಣಗುವ ಪುಟ್ಟ ಅಂಗಿಗಳು, ನ್ಯಾಯಾಧೀಶರ ಎತ್ತರದ ಕುರ್ಚಿ, ವಿಮಾನ, ಮೊದಲ ಸಲ 'ಅಮ್ಮ' ಎಂದ ದಿನ. ಅಚ್ಚು ಹಾಕಿ ಸುರುಳಿತಂತಿಯಲ್ಲಿ ಪೋಣಿಸುವ ಕೆಲಸ ಗುಣಪಾಲರದಾಯಿತು. ಗುರುತಿನ ಚೀಟಿಯ ಪ್ರತಿಯಿಲ್ಲದೆ ಯಾವ ಕಡತವೂ ಪೂರ್ಣವಲ್ಲ ಎಂಬುದು ಅವರ ಇಪ್ಪತ್ತೆರಡು ವರ್ಷಗಳ ನಂಬಿಕೆ. ಆದ್ದರಿಂದ ಕಡೆಯಲ್ಲಿ ಹನ್ನೆರಡನೆಯ ಪುಟವೊಂದನ್ನು ತಾವಾಗಿಯೇ ಸೇರಿಸಿದರು. ಅದು ಯಶ್ಮಿತಾಳ ಗುರುತಿನ ಚೀಟಿಯ ಬಣ್ಣದ ಪ್ರತಿ.

"ಇದು ಎಂತಕ್ಕೆ?" ಎಂದು ಚಂದ್ರಮತಿ ಕೇಳಿದರು.

"ಇರ್ಲಿ. ಪ್ರೂಫ್."

ಆರು ತಿಂಗಳು ಆ ಪುಸ್ತಕ ಮನೆಯ ಬೆಳಕಾಗಿತ್ತು. ಯಶ್ಮಿತಾ ನೀಲಿ ಗೇಟಿನ ಪುಟವನ್ನು ಎರಡೆರಡು ಸಲ ಓದಿಸುತ್ತಿದ್ದಳು, ಅಂಗಿಗಳಲ್ಲಿ ತನ್ನದು ಯಾವುದೆಂದು ದಿನಕ್ಕೊಂದನ್ನು ಆರಿಸುತ್ತಿದ್ದಳು, ಚಿತ್ರದ ಆಯಾಳ ಮೂಗು ದೊಡ್ಡದಾಯಿತೆಂದು ತಾಯಿಯೊಂದಿಗೆ ಕಾದಾಡುತ್ತಿದ್ದಳು.

ಒಂದು ದಿನ ಆ ಕಾದಾಟ ನಿಂತುಹೋಯಿತು.

ಪಕ್ಕದ ಫ್ಲಾಟಿನಲ್ಲಿದ್ದ ಸೆಡ್ರಿಕ್ ಎಂಬವರ ಕೆಲಸ ಹೋಗಿ ವೀಸಾ ರದ್ದಾಗಿತ್ತು. ಅವರ ಮಗ ಶರ್ವಿನ್ ಯಶ್ಮಿತಾಳ ಜೊತೆಯಾಟದವನು. ಅವರ ಮನೆಯ ಸಾಮಾನು ಲಿಫ್ಟಿನಲ್ಲಿ ಇಳಿದ ದಿನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಅದೇ ವಾರ ಊಟದ ಹೊತ್ತಿನಲ್ಲಿ ಗುಣಪಾಲರು ಮಡದಿಗೆ ಹೇಳಿದ್ದರು: "ನನ್ನ ವೀಸಾ ರಿನ್ಯೂ ಆಯ್ತು, ನಿನ್ನದೂ ಆಯ್ತು. ಇನ್ನು ಇವಳದ್ದು ಎಂತ ಅಂತ ನೋಡ್ಬೇಕು." ಮನೆಯ ಯಜಮಾನನದು ಮೊದಲು, ಮಕ್ಕಳದು ಆಮೇಲೆ ಎಂಬುದು ಇಲ್ಲಿನ ನಿಯಮ. ಅವರು ಅದನ್ನು ಅಕ್ಕಿ ಮುಗಿದಿದೆ ಎಂಬಷ್ಟು ಹಗುರವಾಗಿ ಆಡಿ ಮಜ್ಜಿಗೆಗೆ ಕೈ ಚಾಚಿದ್ದರು.

ಮರುದಿನದಿಂದ ಯಶ್ಮಿತಾ ಒಳ್ಳೆಯವಳಾದಳು. ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟಳು. ಹಾಸಿಗೆಯನ್ನು ಹೋಟೆಲಿನ ಕೋಣೆಯಂತೆ ಸುಕ್ಕಿಲ್ಲದೆ ಹೊದಿಸಿದಳು. ಫ್ರಿಜ್ಜಿನ ಬಾಗಿಲು ತೆರೆಯುವ ಮೊದಲು "ಕ್ಯಾನ್ ಐ?" ಎಂದು ಕೇಳಿದಳು. ಪಪ್ಪ ಎಂಬ ಶಬ್ದವನ್ನು ಹೇಗೋ ತಪ್ಪಿಸಿಕೊಂಡು ಮಾತಾಡಿದಳು. ನೀಲಿ ಗೇಟಿನ ಪುಸ್ತಕ ಕಪಾಟಿನಲ್ಲಿ ಕಾಣದಾಯಿತು.

"ಅವಳು ಜಗಳವೇ ಮಾಡುವುದಿಲ್ಲ," ಎಂದರು ಚಂದ್ರಮತಿ, ಅಡುಗೆಮನೆಯ ಬಾಗಿಲನ್ನು ಅರೆಮುಚ್ಚಿ. "ನಂಟರ ಮನೆಗೆ ಬಂದವರ ಹಾಗೆ ಇದ್ದಾಳೆ. ಏಳು ವರ್ಷದ ಹುಡುಗಿ ಜಗಳ ಮಾಡದಿದ್ರೆ ನನಗೆ ಹೆದರಿಕೆ ಆಗ್ತದೆ ಮಾರಾಯ್ರೆ."

"ಕೇಳಿದ್ಯಾ?"

"ಕೇಳದೆ ಇರ್ತೇನಾ? 'ನಥಿಂಗ್ ಅಮ್ಮ.' ಅಷ್ಟೇ." ಆಮೇಲೆ ತಗ್ಗಿದ ದನಿಯಲ್ಲಿ, "ನಾವು ಹೇಳಿದ್ದೇ ತಪ್ಪಾಯ್ತಾ? ಪುಸ್ತಕ ಮಾಡದಿದ್ರೆ ಅವಳಿಗೆ ಗೊತ್ತೇ ಆಗ್ತಿರ್ಲಿಲ್ಲ. ಈಗ ನಮ್ಮನ್ನು ಬಿಟ್ಟು ಹೋಗ್ತಾ ಇದ್ದಾಳೆ, ಮನೆಯಲ್ಲೇ ಇದ್ದುಕೊಂಡು."

ನೂರಾರು ಮನೆಗಳ ಕಾಗದಗಳಲ್ಲಿ ತಪ್ಪು ಹುಡುಕಿ ತಿದ್ದಿದ ಗುಣಪಾಲರ ಕಣ್ಣು ತನ್ನ ಮನೆಯ ಮುಂದೆ ಕುರುಡಾಗಿತ್ತು.

ಬುಧವಾರ ಬೆಳಗ್ಗೆ ಗುಡಿಸುವಾಗ ಮಂಚದ ಕೆಳಗೆ ಯಶ್ಮಿತಾಳ ಹಳೆಯ ಶಾಲೆಚೀಲ ಸಿಕ್ಕಿತು. ಒಳಗೆ ಎರಡು ಅಂಗಿ, ಹಲ್ಲುಜ್ಜುವ ಬ್ರಷ್, ಒಂದು ದೊಡ್ಡ ಪೊಟ್ಟಣ ಚಾಕಲೇಟು. ಚಂದ್ರಮತಿ ಚಾಕಲೇಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೆಲದ ಮೇಲೆಯೇ ಕೂತಿದ್ದರು. ಗುಣಪಾಲರು ಚೀಲವನ್ನು ಮೊದಲಿದ್ದ ಹಾಗೆಯೇ ಇಟ್ಟು, "ಸಂಜೆ ನಾನು ಬೇಗ ಬರ್ತೇನೆ. ಮೂರೂ ಜನ ಕೂತು ಮಾತಾಡುವ," ಎಂದು ಕೆಲಸಕ್ಕೆ ಹೋದರು.

ಬೇಗ ಬರಲು ವಿಧಿ ಬಿಡಲಿಲ್ಲ. ಸಂಜೆ ಐದೂವರೆಗೆ ಫೋನು ಮೊಳಗಿತು.

"ಇಲ್ಲ!" ಚಂದ್ರಮತಿಯ ದನಿ ಒಡೆದಿತ್ತು. "ದೀಪ ಹಚ್ಚಿ ತಿರುಗಿ ನೋಡಿದ್ರೆ ಬಾಗಿಲು ತೆರೆದುಕೊಂಡುಂಟು. ಅವಳಿಲ್ಲ. ಚೀಲವೂ ಇಲ್ಲ!"

ಎದುರು ಕೂತವನ ಅರ್ಜಿಯನ್ನು ಅರ್ಧಕ್ಕೆ ಬಿಟ್ಟು ಗುಣಪಾಲರು ಎದ್ದದ್ದು ಇಪ್ಪತ್ತೆರಡು ವರ್ಷಗಳಲ್ಲಿ ಅದೇ ಮೊದಲು. ಮುಂಬಾಗಿಲಿನಿಂದ ಬೀದಿಗೆ ಬಿದ್ದರು. ಮನೆಯಿದ್ದ ಕಟ್ಟಡದ ಕಾವಲುಗಾರ ಅವಳನ್ನು ನೋಡಿರಲಿಲ್ಲ. ದೇವಸ್ಥಾನದ ಗಲ್ಲಿಯ ಹೂವಿನವನು ತಲೆಯಲ್ಲಾಡಿಸಿದ. ಬಟ್ಟೆ ಅಂಗಡಿಯವರು "ಆಯಿಯೇ ಸಾಬ್" ಎಂದು ಕರೆಯುತ್ತಲೇ ಇದ್ದರು. ಯಶ್ಮಿತಾಳಿಗೆ ಅಬ್ರಾ ದೋಣಿಗಳೆಂದರೆ ಪ್ರಾಣ ಎಂಬುದು ನೆನಪಾದದ್ದೇ ತಡ, ಕ್ರೀಕ್ ಎಂಬ ಸಮುದ್ರದ ಕವಲಿನ ದಂಡೆಗೆ ಓಡಿದರು. ದೋಣಿ ತುಂಬಿ ಹೊರಟಿತ್ತು. ಕಲ್ಲಿನ ಅಂಚಿಗೂ ದೋಣಿಗೂ ನಡುವೆ ಕಪ್ಪು ನೀರು ಅಗಲವಾಗುತ್ತಿತ್ತು. ಅವರು ಪ್ರತಿಯೊಂದು ತಲೆಯನ್ನೂ ಎಣಿಸಿದರು, ಎಣಿಕೆ ತಪ್ಪಿ ಮತ್ತೆ ಎಣಿಸಿದರು. ಮಗುವಿನ ತಲೆಯೊಂದೂ ಇರಲಿಲ್ಲ.

ಮತ್ತೆ ಫೋನು. ಸೆಂಟರಿನಲ್ಲಿ ಟೋಕನ್ ಕೊಡುವ ಅಬೂಬಕ್ಕರ್.

"ಗುಣಪಾಲಣ್ಣ, ಓಡ್ಬೇಡಿ. ನಿಮ್ಮ ಕೌಂಟರಿಗೆ ಒಂದು ಕಸ್ಟಮರ್ ಬಂದಿದ್ದಾರೆ. ಹಿಂದಿನ ಬಾಗಿಲಿಂದ ಬಂದು ಟೋಕನ್ ತಗೊಂಡು ಕೂತಿದ್ದಾರೆ. ಎಪ್ಪತ್ತಮೂರು. ಒಂದನೇ ಕೌಂಟರ್ ಖಾಲಿ ಉಂಟು ಅಂದೆ, ಅಲ್ಲಿ ಬೇಡವಂತೆ." ಅವನ ದನಿ ನಗಲು ಹೋಗಿ ಅರ್ಧಕ್ಕೆ ನಿಂತಿತು. "ಬೇಗ ಬನ್ನಿ ಮಾರಾಯ್ರೆ. ನೀವಿಲ್ಲದ್ದು ನೋಡಿ ಅವಳ ಮುಖ ಸಣ್ಣದಾಗಿದೆ. ಅತ್ತಿಗೆಗೂ ಫೋನ್ ಮಾಡಿದ್ದೇನೆ."

ಗುಣಪಾಲರು ಬಂದಾಗ ಅವಳು ಇಬ್ಬರು ಕೂಲಿಗಳ ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಬೆನ್ನಿಗೆ ಚೀಲ, ತೊಡೆಯ ಮೇಲೆ ನೀಲಿ ಗೇಟಿನ ಪುಸ್ತಕ. ಬಾಚಿ ಎತ್ತಿಕೊಳ್ಳಬೇಕೆಂದು ಅವರು ಕೈ ಚಾಚಿದರು. ಆ ಕೈಗೆ ಅವಳು ಟೋಕನ್ ಚೀಟಿಯನ್ನು ಕೊಟ್ಟಳು.

ಆಗ ಅವರು ಸುಮ್ಮನೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಅವಳಿಗೆ ಬೇಕಾದದ್ದು ಆ ಕುರ್ಚಿಯಲ್ಲಿ ಕೂತ ಮನುಷ್ಯನೆಂದು ಅರಿವಾಗಿತ್ತು.

"ಬನ್ನಿ, ಕೂತ್ಕೊಳ್ಳಿ," ಎಂದರು, ಎಲ್ಲ ಗಿರಾಕಿಗಳಿಗೂ ಹೇಳುವಂತೆ. "ಎಂತ ಆಗಬೇಕಿತ್ತು?"

"ರಿನ್ಯೂ."

"ಯಾವುದು?"

ಅವಳು ಪುಸ್ತಕದ ಕಡೆಯ ಪುಟ ತೆರೆದು ಕೌಂಟರಿನ ಮೇಲಿಟ್ಟು, ಗುರುತಿನ ಚೀಟಿಯ ಪ್ರತಿಯ ಮೇಲೆ ಬೆರಳಿಟ್ಟಳು. ಬೆರಳ ಕೆಳಗೆ, ವೀಸಾದೊಡನೆ ಚೀಟಿಯೂ ಮುಗಿಯುವ ದಿನಾಂಕವಿತ್ತು. ನಾಳೆಯದು.

"ನಾಳೆ ಖಲಾಸ್," ಎಂದಳು. "ಶರ್ವಿನ್ ಹೇಳಿದ್ದಾನೆ. ಡೇಟ್ ಮುಗಿದ್ರೆ ಎಲ್ಲಿಂದ ಬಂದದ್ದೋ ಅಲ್ಲಿಗೆ ಗೋ ಬ್ಯಾಕ್. ಅವ್ನು ಮಂಗಳೂರಿಂದ ಬಂದದ್ದು. ನಾನು ನೀಲಿ ಗೇಟಿಂದ." ಬೆರಳನ್ನು ಆ ದಿನಾಂಕದ ಮೇಲಿಂದ ತೆಗೆಯಲಿಲ್ಲ. "ನಿಮ್ಮದು ಆಯ್ತು, ಅಮ್ಮನದು ಆಯ್ತು. ನನ್ನದು ನೋಡ್ಬೇಕು ಅಂದ್ರಿ. ನೋಡಿ ಆಯ್ತಾ? ರಿನ್ಯೂ ಮಾಡ್ತೀರಾ, ಇಲ್ವಾ?"

ಗುಣಪಾಲರಿಗೆ ತಮ್ಮ ಹನ್ನೆರಡನೆಯ ಪುಟ ಕಂಡಿತು. ಪ್ರೀತಿಯ ಕಥೆಯೊಂದಕ್ಕೆ ತಾವೇ ಮುಗಿಯುವ ದಿನವೊಂದನ್ನು ಅಂಟಿಸಿ ಮಗುವಿನ ಕೈಗೆ ಕೊಟ್ಟಿದ್ದರು. ಆರು ತಿಂಗಳು ಅವಳು ಅದನ್ನು ಕಥೆಯ ಕೊನೆಯೆಂದೇ ಓದಿದ್ದಳು.

"ಚಾಕಲೇಟು ಎಂತಕ್ಕೆ?" ಎಂದು ಕೇಳಿದರು.

"ಅಲ್ಲಿ ಮಕ್ಕಳಿಲ್ವಾ? ಗಲ್ಫಿಂದ ಯಾರಾದ್ರೂ ಖಾಲಿ ಕೈಯಲ್ಲಿ ಹೋಗ್ತಾರಾ?"

ಅಬೂಬಕ್ಕರ್ ಝೆರಾಕ್ಸ್ ಯಂತ್ರದ ಕಡೆ ತಿರುಗಿ, ಅದರಲ್ಲಿ ಏನೂ ಕೆಟ್ಟಿರದಿದ್ದರೂ ಮುಚ್ಚಳ ತೆಗೆದು ನೋಡತೊಡಗಿದ.

ಗುಣಪಾಲರು ಜೇಬಿನಿಂದ ತಮ್ಮ ಗುರುತಿನ ಚೀಟಿ ತೆಗೆದು ಮುಂದಿಟ್ಟರು. "ಇದರಲ್ಲಿ ಮುಗಿಯುವ ದಿನ ಎಲ್ಲುಂಟು, ತೋರಿಸಿ."

ಅವಳು ತಟ್ಟನೆ ತೋರಿಸಿದಳು.

"ಗೋಡೆಯಲ್ಲಿ ಅಂಗಡಿಯ ಲೈಸೆನ್ಸ್ ಉಂಟಲ್ಲ, ಅದರದ್ದು?"

ಕುತ್ತಿಗೆ ಎತ್ತಿ ನೋಡಿದಳು. "ಕೆಳಗೆ. ರೈಟ್ ಸೈಡ್."

"ಭೇಷ್." ಆಮೇಲೆ ಮೇಜಿನ ಖಾನೆ ಎಳೆದು, ಪುಟ್ಟ ದೇವರ ಪಟದ ಕೆಳಗಿನಿಂದ ಪ್ಲಾಸ್ಟಿಕ್ ಹೊದಿಕೆಯ ಕಾಗದವನ್ನು ಹೊರತೆಗೆದರು. ಊರಿನ ನ್ಯಾಯಾಲಯದ ಆದೇಶದ ಪ್ರತಿ. ನಾಲ್ಕು ಪುಟ. "ನಿಮ್ಮನ್ನು ನಮಗೆ ಕೊಟ್ಟ ಕಾಗದ ಇದು. ಇಲ್ಲಿ ಹುಡುಕಿ. ನಿಧಾನ ನೋಡಿ, ಅವಸರ ಇಲ್ಲ."

ಅವಳು ಬೆರಳಿಟ್ಟು ಹೊರಟಳು. ಸಾಲು ಸಾಲಾಗಿ, ಮುದ್ರೆಯ ಸುತ್ತ, ಸಹಿಯ ಕೆಳಗೆ, ಹಾಳೆ ತಿರುವಿ ಬೆನ್ನಿನಲ್ಲಿ ಕೂಡ. ಗೋಡೆಯ ಮೇಲೆ ಎಪ್ಪತ್ತನಾಲ್ಕನೆಯ ಸಂಖ್ಯೆ ಮಿನುಗಿತು. ಆ ಟೋಕನ್ ಹಿಡಿದಿದ್ದ ಕೂಲಿಯವನು ಎದ್ದವನು ಮತ್ತೆ ಕೂತ. "ಆರಾಮ್ ಸೇ, ಬೇಟಿ," ಎಂದ.

ಎರಡನೆಯ ಸಲವೂ ನಾಲ್ಕು ಪುಟ ಮುಗಿಯಿತು.

"ಇಲ್ಲ," ಎಂದಳು. ತಲೆಯೆತ್ತಿ ಅನುಮಾನದಿಂದ ನೋಡಿದಳು. "ಟೈಪ್ ಮಾಡ್ಲಿಕ್ಕೆ ಮರ್ತು ಹೋಯ್ತಾ, ಪಪ್ಪ?"

ವಾರದಿಂದ ಕೇಳದಿದ್ದ ಶಬ್ದ ಅದು. ಗುಣಪಾಲರು ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮರ್ತದ್ದಲ್ಲ ಮಗಾ. ಈ ಕಾಗದಕ್ಕೆ ಆ ಕಾಲಮ್ಮೇ ಇಲ್ಲ. ಬರೀಲಿಕ್ಕೆ ಜಾಗವೇ ಬಿಡುವುದಿಲ್ಲ."

ಅವಳು ಯೋಚಿಸಿದಳು. ಗಲ್ಫಿನಲ್ಲಿ ಬೆಳೆದ ಮಗು ಅಷ್ಟಕ್ಕೆ ಬಿಡುವುದಿಲ್ಲ. "ನಿಮ್ಮದೇ ಕ್ಯಾನ್ಸಲ್ ಆದ್ರೆ? ಶರ್ವಿನ್ ಡ್ಯಾಡಿದು ಆಯ್ತಲ್ಲ?"

ಆಗದು ಎಂದು ಹೇಳಿಬಿಡುವುದು ಸುಲಭವಾಗಿತ್ತು. ಆದರೆ ಸುಳ್ಳನ್ನು ಅವರು ಅರ್ಜಿಯಲ್ಲಿಯೇ ತುಂಬಿದವರಲ್ಲ.

"ಆಗಬಹುದು. ಯಾರದ್ದೂ ಆಗಬಹುದು. ಆಗ ನಾನು, ಅಮ್ಮ, ನೀನು, ಮೂರೂ ಜನ ಒಂದೇ ವಿಮಾನದಲ್ಲಿ ಹೋಗುವುದು. ಒಂದೇ ಮನೆಗೆ. ಶರ್ವಿನ್ ಅವನ ಡ್ಯಾಡಿಯ ಒಟ್ಟಿಗೇ ಹೋದದ್ದಲ್ವಾ?"

"ನೀಲಿ ಗೇಟಿಗೆ?"

"ಅಲ್ಲಿಗೂ ಹೋಗುವ. ಚಾಕಲೇಟ್ ಕೊಟ್ಟು, ಆಯಾಗೆ ನಮಸ್ಕಾರ ಮಾಡಿ, ಸಂಜೆಯ ಬಸ್ಸಿಗೆ ವಾಪಸ್ಸು ಬರುವ. ಒಟ್ಟಿಗೆ."

ಅವಳು ಚೀಲವನ್ನು ಬೆನ್ನಿಂದ ಇಳಿಸಿದಳು.

ಅಷ್ಟರಲ್ಲಿ ಗಾಜಿನ ಬಾಗಿಲು ದೂಡಿಕೊಂಡು ಚಂದ್ರಮತಿ ಬಂದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಗಂಡನದು. ಕೈಯಲ್ಲಿ ಇನ್ನೂ ಬೆಂಕಿಪೊಟ್ಟಣ. ಮಗುವನ್ನು ಎದೆಗೆ ಒತ್ತಿಕೊಂಡು ಉಸಿರು ತಿರುಗಿದ ಮೇಲೆ ಅವರ ಬಾಯಿ ತೆರೆಯಿತು.

"ಒಬ್ಬಳೇ ರಸ್ತೆ ದಾಟ್ಲಿಕ್ಕೆ ಯಾರು ಹೇಳಿದ್ದು ನಿನಗೆ? ಹಾಂ? ಕಾರು ಬಂದಿದ್ರೆ?"

"ನಾನು ಸಿಗ್ನಲಲ್ಲೇ ದಾಟಿದ್ದು! ನೀನು ನನ್ನ ಬ್ಯಾಗ್ ಓಪನ್ ಮಾಡಿದ್ದಿ! ಚಾಕಲೇಟ್ ಒಂದು ಕಮ್ಮಿ ಉಂಟು!"

"ಬೆಳಗ್ಗೆ ಅಳ್ತಾ ಅಳ್ತಾ ತಿಂದೆ. ಎಂತ ಈಗ?"

"ಕೇಳದೆ ತಿನ್ಬಾರದು! ಅದು ಬೇಬಿಗಳಿಗೆ!"

ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ತಾಯಿಮಗಳ ಜಗಳ ಏರಿತು. ಗುಣಪಾಲರು ಕಣ್ಣೊರೆಸಿಕೊಂಡು ಕೇಳಿದರು. ಯಾವ ಸಂಗೀತವೂ ಅವರಿಗೆ ಅಷ್ಟು ಇಂಪಾಗಿ ಕೇಳಿರಲಿಲ್ಲ.

"ಯಲ್ಲಾ, ಬೇಗ, ಗುಣಪಾಲಣ್ಣ, ಎಪ್ಪತ್ತಮೂರರ ಕೆಲಸ ಮುಗಿಸಿ," ಎಂದ ಅಬೂಬಕ್ಕರ್.

ಅರ್ಜಿಯನ್ನು ಕಂಪ್ಯೂಟರಿನ ತೆರೆಯ ಮೇಲೆ ತೆರೆದು, ಅವರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಉಳಿದದ್ದನ್ನೆಲ್ಲ ತಾವೇ ತುಂಬಿ, ಪ್ರಾಯೋಜಕನೊಂದಿಗಿನ, ಅಂದರೆ ತಮ್ಮೊಂದಿಗಿನ, ಸಂಬಂಧ ಎಂಬ ಕಾಲಮ್ಮಿಗೆ ಬಂದಾಗ ಕೈ ಹಿಂದೆಗೆದರು. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ಡಾಟರ್. ಗುಣಪಾಲರು ತಮ್ಮ ಪದ್ಧತಿಯಂತೆ ಎರಡು ಬಾರಿ ಓದಿದರು. ಮೂರನೆಯ ಬಾರಿಯೂ ಓದಿದರು.

ಮನೆಗೆ ಹೊರಡುವ ಮುನ್ನ ಪುಸ್ತಕದ ಸುರುಳಿತಂತಿ ಬಿಚ್ಚಿ ಹನ್ನೆರಡನೆಯ ಪುಟವನ್ನು ತೆಗೆದುಹಾಕಿದರು. ಅದರ ಜಾಗಕ್ಕೆ ಒಂದು ಬಿಳಿ ಹಾಳೆ ಬಂತು. ಯಶ್ಮಿತಾ ಅದರ ಮೇಲೆ ಟೋಕನ್ ಚೀಟಿಯನ್ನು ಅಂಟಿಸಿದಳು. ಕೆಳಗೆ ಏನು ಬರೆಯಬೇಕೆಂದು ತಾಯಿ ಕೇಳಿದರು.

"ಮತ್ತೆ ಹೇಳ್ತೇನೆ," ಎಂದಳು. "ಈಗ ಹಸಿವಾಗ್ತದೆ."

ಸತ್ಯವನ್ನು ಮಗುವಿನಿಂದ ಮುಚ್ಚಿಡದ ಆ ದಂಪತಿಗಳಿಗೆ ಭಗವಂತನು ಆಯುರಾರೋಗ್ಯವನ್ನು ಕರುಣಿಸಲಿ. ಗುಣಪಾಲರ ಬೆರಳುಗಳು ದಣಿಯದಿರಲಿ, ಚಂದ್ರಮತಿ ಹಚ್ಚುವ ಸಂಜೆದೀಪಕ್ಕೆ ಗಾಳಿ ತಾಗದಿರಲಿ. ಆ ಹೆಣ್ಣುಮಗು ನೀಲಿ ಗೇಟನ್ನೂ ತನ್ನ ಮನೆಯ ಬಾಗಿಲನ್ನೂ ಒಂದೇ ನಿರ್ಭಯದಿಂದ ನೆನೆಯುತ್ತ ಬೆಳೆಯಲಿ. ಅವಳ ಪುಸ್ತಕಕ್ಕೆ ಪುಟಗಳು ಕೂಡುತ್ತ ಹೋಗಲಿ, ಅವಳ ಜಗಳ ಆ ಮನೆಯಲ್ಲಿ ಎಂದೆಂದಿಗೂ ನಿಲ್ಲದಿರಲಿ.